ಒಂದೇ ಹೊಲ, ಮೇಲೆ ಮಸಾರಿ, ಕೆಳಗೆ ಎರೆ: ಹೀಗೇಕೆ?

ಪ್ರಶ್ನೆ: ಕೊಪ್ಪಳ ಜಿಲ್ಲೆಯ ಯಲಬುರ್ಗಾ ಕಡೆ ನಮ್ಮದು ಎಂಟು ಎಕರೆ ಹೊಲ. ಮೇಲಿನ ಮೂರು ಎಕರೆ ಕೆಂಪು ಮಸಾರಿ, ಅಲ್ಲಿಂದ ಹಳ್ಳದ ತನಕ ಐದು ಎಕರೆ ಕಪ್ಪು ಎರೆ. ಬೀಳುವ ಮಳೆ ಒಂದೇ, ಅಡಿಯ ಕಲ್ಲೂ ಒಂದೇ, ಮಣ್ಣು ಯಾಕೆ ಎರಡು? ಎರೆ ಇಷ್ಟು ಕಪ್ಪಗಿದ್ದರೂ ಮಣ್ಣು ಪರೀಕ್ಷೆಯಲ್ಲಿ ಸಾವಯವ ಇಂಗಾಲ ನೂರಕ್ಕೆ 0.45 ಬಂದಿದೆ, ಕಡಿಮೆ ಎಂದು ಬರೆದಿದ್ದಾರೆ. ಜಲಾನಯನದವರು ಕೊಟ್ಟ ಕಾರ್ಡಿನಲ್ಲಿ ‘ಟಿಪಿಕ್ ಹ್ಯಾಪ್ಲಸ್ಟರ್ಟ್ಸ್’ ಎಂದಿದೆ, ಹಾಗೆಂದರೇನು? ಎರೆ ಮಣ್ಣನ್ನು ಟ್ರ್ಯಾಕ್ಟರಿನಲ್ಲಿ ಹೇರಿ ಮಸಾರಿಗೆ ಹಾಕಿದರೆ ಒಳ್ಳೆಯದಾ? ಕೊನೆಯದಾಗಿ, ಹೊಲದಲ್ಲಿ ಒಂದು ಶೆಡ್ ಕಟ್ಟಬೇಕು, ಎರೆಯಲ್ಲಿ ಕಟ್ಟಬಹುದಾ?

ಉತ್ತರ:

ನಿಮ್ಮ ಐದು ಪ್ರಶ್ನೆಗೂ ಉತ್ತರ ಒಂದೇ ಕಡೆ ಇದೆ, ಅದು ನಿಮ್ಮ ಹೊಲದ ಇಳಿಜಾರಿನಲ್ಲಿ. ಮೇಲಿನ ಮಸಾರಿ ಬೇರೆ, ಕೆಳಗಿನ ಎರೆ ಬೇರೆ ಎಂದು ನೋಡುವುದನ್ನು ಸ್ವಲ್ಪ ಬದಿಗಿಡಿ. ಎರಡೂ ಒಂದೇ ಇಳಿಜಾರು ಮಾಡಿದ ಮಣ್ಣು. ಮೇಲೆ ನೀರು ಏನನ್ನು ತೊಳೆದು ಒಯ್ದಿತೋ ಅದರಲ್ಲೇ ಕೆಳಗಿನದು ಬೆಳೆದಿದೆ.

ಮೊದಲು ಕಲ್ಲಿನ ಮಾತು. ಎರೆ ಎಂದರೆ ಕಪ್ಪು ಕಲ್ಲಿನಿಂದ ಹುಟ್ಟಿದ್ದು ಎಂದು ಶಾಲೆಯಲ್ಲಿ ಓದಿರುತ್ತೇವೆ. ಬೀದರ್, ಕಲಬುರಗಿ, ವಿಜಯಪುರದ ಬಹಳಷ್ಟು ಭಾಗಕ್ಕೆ ಅದು ನಿಜ. ಅಲ್ಲಿ ಅಡಿಯಲ್ಲಿರುವುದು ಬಸಾಲ್ಟ್, ಸುಮಾರು 6.6 ಕೋಟಿ ವರ್ಷದ ಹಿಂದೆ ನೆಲ ಸೀಳಿ ಹರಿದ ಲಾವಾ ತಣ್ಣಗಾಗಿ ಆದ ಕಲ್ಲು. ಆದರೆ ಕೊಪ್ಪಳ, ರಾಯಚೂರು, ಬಳ್ಳಾರಿ ಕಡೆ ಹೆಚ್ಚಾಗಿ ಇರುವುದು ಗ್ರಾನೈಟ್ ಮತ್ತು ನೈಸ್ ಕಲ್ಲು, ಇನ್ನೂರೈವತ್ತು ಕೋಟಿ ವರ್ಷಕ್ಕಿಂತ ಹಳೆಯದು, ಬಣ್ಣದಲ್ಲಿ ತಿಳಿ. ಆದರೂ ಬಳ್ಳಾರಿ ಸುತ್ತ ಕಣ್ಣು ಹಾಯುವಷ್ಟು ದೂರ ಎರೆ ಇದೆ. ಹಾಗಾಗಿ ಕಪ್ಪು ಕಲ್ಲಿದ್ದರೆ ಮಾತ್ರ ಎರೆ ಎಂಬ ಮಾತು ನಿಮ್ಮ ಊರಿಗೆ ಹೊಂದುವುದಿಲ್ಲ.

ಹೊಂದುವುದು ಇದು. ದಿಬ್ಬದ ಮೇಲೆ ಬಿದ್ದ ಮಳೆ ಕಲ್ಲನ್ನು ನಿಧಾನಕ್ಕೆ ಕರಗಿಸುತ್ತದೆ. ಕರಗಿದ ಸುಣ್ಣದ ಅಂಶ, ಮೆಗ್ನೀಷಿಯಂ, ಸಿಲಿಕಾ ಎಲ್ಲ ನೀರಿನ ಜೊತೆ ಕೆಳಗೆ ಇಳಿಯುತ್ತವೆ. ಮೇಲೆ ಉಳಿಯುವುದು ಕರಗದ ಮರಳು, ಒಂದಷ್ಟು ಜೇಡಿ, ಮತ್ತು ತುಕ್ಕು ಹಿಡಿದ ಕಬ್ಬಿಣ. ಮಸಾರಿಯ ಕೆಂಪು ಆ ತುಕ್ಕಿನ ಕೆಂಪು. ಮೇಲೆ ನೀರು ನಿಲ್ಲುವುದಿಲ್ಲ, ಗಾಳಿ ಚೆನ್ನಾಗಿ ಆಡುತ್ತದೆ, ಅದಕ್ಕೇ ಕಬ್ಬಿಣ ಹಾಗೆ ಕೆಂಪಾಗಿ ಉಳಿಯುತ್ತದೆ. ಕೆಳಗೆ ತಗ್ಗಿನಲ್ಲಿ ಕಥೆ ಉಲ್ಟಾ. ನೀರು ಬರುತ್ತದೆ, ಬೇಗ ಹೋಗುವುದಿಲ್ಲ. ಅದು ಹೊತ್ತು ತಂದ ಸುಣ್ಣ, ಮೆಗ್ನೀಷಿಯಂ, ಸಿಲಿಕಾ ಅಲ್ಲೇ ಸೇರಿಕೊಳ್ಳುತ್ತವೆ. ಇವೆಲ್ಲ ಸಾಕಷ್ಟು ಇದ್ದು ನೀರಿನ ಬಸಿತ ಕಡಿಮೆ ಇರುವ ಕಡೆ ಒಂದು ವಿಶೇಷ ಜೇಡಿ ಹುಟ್ಟುತ್ತದೆ ಮತ್ತು ಉಳಿಯುತ್ತದೆ. ಅದರ ಹೆಸರು ಸ್ಮೆಕ್ಟೈಟ್. ಎರೆಯ ಗುಣ ಎಂದು ನೀವು ಏನೇನನ್ನು ಹೇಳುತ್ತೀರೋ, ಬಿರಿಯುವುದು, ಅಂಟುವುದು, ನೀರು ಹಿಡಿಯುವುದು, ಗೋಡೆ ಸೀಳುವುದು, ಎಲ್ಲದರ ಹಿಂದೆ ಇರುವುದು ಈ ಒಂದು ಜೇಡಿ.

ಈ ಜೇಡಿಯ ಬಹುಪಾಲು ಈಗಿನ ಒಣ ಹವೆಯಲ್ಲಿ ಹುಟ್ಟಿದ್ದಲ್ಲ, ಹಿಂದೆ ಮಳೆ ಜಾಸ್ತಿ ಇದ್ದ ಕಾಲದಲ್ಲಿ ಹುಟ್ಟಿ, ನೀರಿನಲ್ಲಿ ಹರಿದು ಬಂದು ತಗ್ಗಿನಲ್ಲಿ ಕೂತದ್ದು ಎಂದು ವಾದಿಸುವ ಮಣ್ಣು ತಜ್ಞರೂ ಇದ್ದಾರೆ. ನನಗೂ ಅದು ಸರಿ ಎನಿಸುತ್ತದೆ. ವರ್ಷಕ್ಕೆ ಐದಾರು ನೂರು ಮಿಲಿಮೀಟರ್ ಮಳೆಯಲ್ಲಿ ಎರಡು ಮೀಟರ್ ದಪ್ಪದ ಎರೆ ಅಲ್ಲೇ ಕೂತು ತಯಾರಾಗುವುದು ಕಷ್ಟ. ಹೇಗೇ ಬಂದಿರಲಿ, ತಗ್ಗು ಇಲ್ಲದೆ ಅದು ನಿಲ್ಲುತ್ತಿರಲಿಲ್ಲ.

ಹೀಗೆ ದಿಬ್ಬದಿಂದ ತಗ್ಗಿಗೆ ಒಂದಕ್ಕೊಂದು ಕೊಂಡಿ ಹಾಕಿಕೊಂಡು ಮಣ್ಣು ಬದಲಾಗುವುದಕ್ಕೆ ‘ಕೆಟೀನಾ’ ಎನ್ನುತ್ತಾರೆ. ಲ್ಯಾಟಿನ್‌ನಲ್ಲಿ ಸರಪಳಿ ಎಂದರ್ಥ. 1935ರಲ್ಲಿ ಜೆಫ್ರಿ ಮಿಲ್ನ್ ಎಂಬ ಮಣ್ಣು ವಿಜ್ಞಾನಿ ಪೂರ್ವ ಆಫ್ರಿಕಾದ ಗುಡ್ಡಗಳನ್ನು ನೋಡಿ ಈ ಹೆಸರು ಕೊಟ್ಟರು. ಅಲ್ಲೂ ಇದೇ ನೋಟ, ಮೇಲೆ ಕೆಂಪು, ತಗ್ಗಿನಲ್ಲಿ ಕಪ್ಪು. ನಮ್ಮ ರೈತರಿಗೆ ಹೆಸರು ಬೇಕಿರಲಿಲ್ಲ. ಮಡ್ಡಿ, ಮಸಾರಿ, ಎರೆ ಎಂದು ಮೇಲಿನಿಂದ ಕೆಳಕ್ಕೆ ಹೇಳಿಕೊಂಡು ಹೋದರೆ ಸರಪಳಿ ಅಲ್ಲೇ ಆಯಿತಲ್ವಾ?

ಈಗ ಆ ಜೇಡಿಯನ್ನು ಹತ್ತಿರದಿಂದ ನೋಡೋಣ, ಯಾಕೆಂದರೆ ಇದು ಗೊತ್ತಾದರೆ ಉಳಿದದ್ದೆಲ್ಲ ಸಲೀಸು. ಜೇಡಿಯ ಕಣ ಎಂದರೆ ಗುಂಡಗಿನ ಕಾಳಲ್ಲ, ಹಾಳೆಗಳ ಕಟ್ಟು. ಸ್ಮೆಕ್ಟೈಟ್‌ನ ಒಂದು ಹಾಳೆ ಎಷ್ಟು ತೆಳು ಎಂದರೆ, ಒಂದು ಮಿಲಿಮೀಟರನ್ನು ಹತ್ತು ಲಕ್ಷ ಭಾಗ ಮಾಡಿದರೆ ಹೆಚ್ಚುಕಡಿಮೆ ಒಂದು ಭಾಗದಷ್ಟು. ಮಸಾರಿಯಲ್ಲಿ ಜಾಸ್ತಿ ಇರುವ ಜೇಡಿ ಕಯೋಲಿನೈಟ್. ಅದರ ಹಾಳೆಗಳು ಒಂದಕ್ಕೊಂದು ಗಟ್ಟಿಯಾಗಿ ಹಿಡಿದುಕೊಂಡಿರುತ್ತವೆ, ನಡುವೆ ನೀರು ನುಗ್ಗುವುದಿಲ್ಲ. ಸ್ಮೆಕ್ಟೈಟ್‌ನ ಹಾಳೆಗಳ ಹಿಡಿತ ಸಡಿಲ. ನೀರು ಸಿಕ್ಕರೆ ಎರಡು ಹಾಳೆಗಳ ನಡುವೆ ನುಗ್ಗಿ ದೂರ ತಳ್ಳುತ್ತದೆ, ಮಣ್ಣು ಉಬ್ಬುತ್ತದೆ. ನೀರು ಹೋದರೆ ಹಾಳೆಗಳು ಮತ್ತೆ ಹತ್ತಿರ ಬರುತ್ತವೆ, ಮಣ್ಣು ಕುಗ್ಗುತ್ತದೆ. ಬೇಸಿಗೆಯಲ್ಲಿ ನಿಮ್ಮ ಎರೆ ಕೈ ಹೋಗುವಷ್ಟು ಅಗಲ ಬಿರಿಯುವುದು ಇದರಿಂದ. ಒಳಗೂ ಹೊರಗೂ ಸೇರಿಸಿ ಲೆಕ್ಕ ಹಾಕಿದರೆ ಒಂದು ಗ್ರಾಂ ಸ್ಮೆಕ್ಟೈಟ್‌ನ ಹಾಳೆಗಳ ಮೇಲ್ಮೈ 700–800 ಚದರ ಮೀಟರ್ ಆಗುತ್ತದೆ. ಚಿಟಿಕೆ ಮಣ್ಣಿನೊಳಗೆ ಅಷ್ಟು ಜಾಗ. ಪೋಷಕಾಂಶ ಹಿಡಿದಿಡುವ ಶಕ್ತಿ ಎರೆಯಲ್ಲಿ ಮಸಾರಿಗಿಂತ ಎಷ್ಟೋ ಪಟ್ಟು ಇರುವುದು ಇದೇ ಕಾರಣಕ್ಕೆ.

ಕಪ್ಪು ಬಣ್ಣಕ್ಕೂ ಇಲ್ಲೇ ಉತ್ತರ. ಕಪ್ಪು ಎಂದರೆ ಗೊಬ್ಬರದ ಸಾರ ತುಂಬಿದೆ ಎಂದು ನಾವು ಅಂದುಕೊಳ್ಳುತ್ತೇವೆ, ಕಾಡಿನ ಮಣ್ಣು ನೋಡಿ ಬಂದ ಅಭ್ಯಾಸ ಅದು. ಎರೆಯಲ್ಲಿ ಸಾವಯವ ಅಂಶ ಸ್ವಲ್ಪವೇ ಇದ್ದರೂ ಅದು ಈ ಹಾಳೆಗಳಿಗೆ ಬಿಗಿಯಾಗಿ ಅಂಟಿಕೊಂಡು ಇಡೀ ಮಣ್ಣಿಗೆ ಕಪ್ಪು ಬಣ್ಣ ಬಳಿಯುತ್ತದೆ. ಹಾಗಾಗಿ 0.45 ಎಂಬ ನಿಮ್ಮ ಅಂಕಿ ತಪ್ಪಲ್ಲ, ನಮ್ಮ ಒಣ ಜಿಲ್ಲೆಗಳ ಎರೆಯಲ್ಲಿ ಇದು ಸಾಮಾನ್ಯ. 0.5ಕ್ಕಿಂತ ಕಡಿಮೆ ಇದ್ದರೆ ‘ಕಡಿಮೆ’ ಎಂದು ಬರೆಯುತ್ತಾರೆ, ಸರಿಯಾಗೇ ಬರೆದಿದ್ದಾರೆ. ಬಣ್ಣ ನೋಡಿ ಕೊಟ್ಟಿಗೆ ಗೊಬ್ಬರ ಬೇಡ ಎಂದು ಯಾರಾದರೂ ಹೇಳಿದರೆ ಕೇಳಬೇಡಿ. ಎರೆಗೆ ಗೊಬ್ಬರ ಬೇಕು, ತುಂಬಾ ಬೇಕು.

ಕಾರ್ಡಿನ ಹೆಸರಿಗೆ ಬರುತ್ತೇನೆ. ‘ಹ್ಯಾಪ್ಲಸ್ಟರ್ಟ್ಸ್’ ಎಂಬುದನ್ನು ಬಾಲದಿಂದ ಓದಬೇಕು. ಕೊನೆಯ ‘ಎರ್ಟ್’ ಎಂದರೆ ವರ್ಟಿಸಾಲ್ ಗುಂಪು. ಜಗತ್ತಿನ ಮಣ್ಣನ್ನು ಅಮೆರಿಕದ ಪದ್ಧತಿ 12 ದೊಡ್ಡ ಗುಂಪು ಮಾಡಿದೆ, ನಮ್ಮ ದೇಶದ ಮಣ್ಣು ಸಮೀಕ್ಷೆಯವರು ಬಳಸುವುದೂ ಅದನ್ನೇ. ಬಿರಿಯುವ ಜೇಡಿ ಮಣ್ಣಿಗೆ ಅದರಲ್ಲಿ ಪ್ರತ್ಯೇಕ ಗುಂಪು ಸಿಕ್ಕಿದೆ, ಅದೇ ವರ್ಟಿಸಾಲ್. ನಡುವಿನ ‘ಉಸ್ಟ್’ ಎಂದರೆ ಸುಟ್ಟದ್ದು, ಅಂದರೆ ಬೇಸಿಗೆಯಲ್ಲಿ ಚೆನ್ನಾಗಿ ಒಣಗುವ ಹವೆ. ಸಾಮಾನ್ಯ ವರ್ಷದಲ್ಲಿ ಒಟ್ಟು 90 ದಿನಕ್ಕೆ ಕಡಿಮೆ ಇಲ್ಲದಂತೆ ಬಿರುಕು ತೆರೆದಿದ್ದರೆ ಈ ಪದ ಬರುತ್ತದೆ. ‘ಹ್ಯಾಪ್ಲ್’ ಎಂದರೆ ಸರಳ, ಉಪ್ಪಿನ ಪದರ, ಸುಣ್ಣದ ದಪ್ಪ ಪದರ, ಜಿಪ್ಸಂ ಪದರ ಅಂಥ ವಿಶೇಷ ಏನಿಲ್ಲ ಎಂದರ್ಥ. ಸುಣ್ಣದ ಪದರ ಇದ್ದಿದ್ದರೆ ‘ಕ್ಯಾಲ್ಸಿಯಸ್ಟರ್ಟ್ಸ್’ ಎನ್ನುತ್ತಿದ್ದರು. ಮುಂದಿನ ‘ಟಿಪಿಕ್’ ಎಂದರೆ ಈ ಜಾತಿಗೆ ತಕ್ಕ ಮಾದರಿ. ಅಲ್ಲಿ ‘ಸೋಡಿಕ್’ ಎಂದಿದ್ದರೆ ನಾನು ಈ ಉತ್ತರವನ್ನು ಬೇರೆ ರೀತಿ ಬರೆಯುತ್ತಿದ್ದೆ, ಸೋಡಿಯಂ ಸೇರಿ ಹಾಳಾಗುತ್ತಿರುವ ಎರೆ ಅದು. ನಿಮ್ಮ ಮಸಾರಿಗೆ ಕೊಟ್ಟ ಹೆಸರು ಕಾರ್ಡಿನಲ್ಲಿ ‘ಆಲ್ಫ್ಸ್’ ಎಂದು ಮುಗಿದಿದ್ದರೆ ಆಶ್ಚರ್ಯ ಬೇಡ, ನಮ್ಮ ಬಹಳಷ್ಟು ಕೆಂಪು ಮಣ್ಣು ಆಲ್ಫಿಸಾಲ್ ಗುಂಪಿಗೆ ಸೇರುತ್ತದೆ.

ಒಂದು ವಿಷಯ ಗಮನಿಸಿ, ಈ ಹೆಸರಿನಲ್ಲಿ ಎಲ್ಲೂ ಬಣ್ಣ ಇಲ್ಲ. ಹಿಂದೆ ಇತ್ತು. ಹಳೆಯ ಮಣ್ಣು ವರದಿಗಳಲ್ಲಿ ‘ಪೆಲ್ಲಸ್ಟರ್ಟ್’, ‘ಕ್ರೋಮಸ್ಟರ್ಟ್’ ಎಂಬ ಹೆಸರು ಸಿಗುತ್ತವೆ, ಗಾಢ ಕಪ್ಪಿನದು ಒಂದು, ಸ್ವಲ್ಪ ಕಂದು ಬಂದದ್ದು ಇನ್ನೊಂದು. ಆಮೇಲೆ ಅವನ್ನು ಕೈಬಿಟ್ಟರು. ಒಳ್ಳೆಯದೇ ಆಯಿತು ಎನ್ನುತ್ತೇನೆ ನಾನು. ವರ್ಟಿಸಾಲ್ ಎನ್ನಲು ಬೇಕಾದದ್ದು ಕಪ್ಪು ಬಣ್ಣ ಅಲ್ಲ. ಅರ್ಧ ಮೀಟರ್ ಆಳದವರೆಗೆ ನೂರಕ್ಕೆ 30ಕ್ಕೆ ಕಡಿಮೆ ಇಲ್ಲದಷ್ಟು ಜೇಡಿ ಇರಬೇಕು, ವರ್ಷವರ್ಷ ಬಿರುಕು ತೆರೆದು ಮುಚ್ಚಬೇಕು, ಮತ್ತು ಮೇಲಿನ ಒಂದು ಮೀಟರಿನೊಳಗೆ ಮಣ್ಣು ಜಾರಿದ ಗುರುತು ಇರುವ, 25 ಸೆಂಟಿಮೀಟರಿಗೆ ಕಡಿಮೆ ಇಲ್ಲದ ಪದರ ಇರಬೇಕು.

ಮಣ್ಣು ಜಾರಿದ ಗುರುತು ಎಂದೆನಲ್ಲ, ಅದನ್ನು ನೀವು ಕಣ್ಣಾರೆ ನೋಡಬೇಕು. ನಾನು ಸಮೀಕ್ಷೆ ಕೆಲಸಕ್ಕೆ ಸೇರಿದ ಹೊಸತರಲ್ಲಿ ಒಂದು ಎರೆ ಹೊಲದಲ್ಲಿ ಗುಂಡಿ ತೋಡಿಸಿದ್ದೆವು, ಆಳುದ್ದದ ಗುಂಡಿ. ಒಳಗಿಳಿದು ನೋಡಿದರೆ ಎದೆ ಮಟ್ಟದಲ್ಲಿ ಗೋಡೆಯ ಮೇಲೆ ಅಂಗೈ ಅಗಲದ ಜಾಗ ಎಣ್ಣೆ ಸವರಿದ ಹಾಗೆ ಹೊಳೆಯುತ್ತಿತ್ತು. ಸಲಿಕೆ ತಾಗಿ ನುಣುಪಾಗಿದೆ ಎಂದು ನಾನು ಬರೆದುಕೊಳ್ಳದೆ ಬಿಟ್ಟೆ. ಜೊತೆಗಿದ್ದ ಹಿರಿಯರು ಸಲಿಕೆ ಕೆಳಗಿಡಿಸಿ, ಕೈಯಿಂದಲೇ ಒಂದು ಹೆಂಟೆ ಕಿತ್ತು ಬಿಡಿಸು ಎಂದರು. ಹೆಂಟೆ ಓರೆಯಾಗಿ ಬಿಚ್ಚಿಕೊಂಡಿತು. ಒಳಮೈಯೂ ಹಾಗೇ ಹೊಳೆಯುತ್ತಿತ್ತು, ಅದರ ಮೇಲೆ ಸಣ್ಣ ಸಣ್ಣ ಗೀರು, ಎಲ್ಲ ಒಂದೇ ದಿಕ್ಕಿಗೆ. ಸಲಿಕೆ ಅಲ್ಲಿಗೆ ಹೋಗಿರಲೇ ಇಲ್ಲ. ಆಳದ ಮಣ್ಣು ನೀರು ಕುಡಿದು ಉಬ್ಬಿದಾಗ ಪಕ್ಕಕ್ಕೆ ಹೋಗಲು ಜಾಗ ಇರುವುದಿಲ್ಲ, ಪಕ್ಕದ ಮಣ್ಣೂ ಉಬ್ಬುತ್ತಿರುತ್ತದೆ. ಆಗ ಒಂದು ತುಂಡು ಇನ್ನೊಂದರ ಮೇಲೆ ಓರೆಯಾಗಿ ಜಾರಿ ಮೇಲೇಳುತ್ತದೆ. ಉಜ್ಜಿದ ಆ ಮುಖ ಹೊಳಪಾಗುತ್ತದೆ. ಇದಕ್ಕೆ ‘ಸ್ಲಿಕನ್‌ಸೈಡ್’ ಎನ್ನುತ್ತಾರೆ. ಎರೆ ಒಳಗೊಳಗೇ ಚಲಿಸುವ ಮಣ್ಣು ಎಂಬುದು ಅವತ್ತು ನನ್ನ ಕೈಗೆ ಗೊತ್ತಾಯಿತು.

ವರ್ಟಿಸಾಲ್ ಎಂಬ ಹೆಸರೂ ‘ಮಗುಚು’ ಎಂಬ ಲ್ಯಾಟಿನ್ ಮಾತಿನಿಂದ ಬಂದದ್ದು. ಮೇಲಿನ ಪುಡಿ ಬಿರುಕಿಗೆ ಬಿದ್ದು, ಮಳೆಗೆ ಕೆಳಗಿನದು ಉಬ್ಬಿ ಮೇಲೆ ಬಂದು, ಇಡೀ ಮಣ್ಣು ತಾನೇ ಉತ್ತುಕೊಳ್ಳುತ್ತದೆ ಎಂದು ಮೊದಲು ನಂಬಿದ್ದರು. ಅಷ್ಟು ಮಗುಚುವುದಿಲ್ಲ ಎಂದು ಆಮೇಲೆ ತಿಳಿಯಿತು. ಹಾಗೆ ಮಗುಚಿದ್ದರೆ ಮೇಲೂ ಕೆಳಗೂ ಸಾವಯವ ಅಂಶದ ವಯಸ್ಸು ಒಂದೇ ಇರಬೇಕಿತ್ತು, ಆದರೆ ಆಳಕ್ಕೆ ಹೋದಂತೆ ಅದು ಹಳೆಯದಾಗುತ್ತಾ ಹೋಗುತ್ತದೆ. ಜಾರುವುದು ಜಾಸ್ತಿ, ಮಗುಚುವುದು ಕಡಿಮೆ.

ಎರೆ ಮತ್ತು ನೀರಿನ ಸಂಬಂಧ ನಿಮಗೆ ಎಲ್ಲಕ್ಕಿಂತ ಮುಖ್ಯ, ಇಲ್ಲಿ ಸ್ವಲ್ಪ ನಿಧಾನಕ್ಕೆ ಓದಿ. ಆಳದ ಎರೆ ಒಂದು ಮೀಟರಿಗೆ ಸುಮಾರು 150–200 ಮಿಲಿಮೀಟರ್ ನೀರನ್ನು ಬೆಳೆಗೆ ಸಿಗುವ ಹಾಗೆ ಹಿಡಿದಿಡುತ್ತದೆ. ಹಸ್ತಾ ಮಳೆ ಮುಗಿದ ಮೇಲೆ ಒಂದು ಹನಿ ಬೀಳದಿದ್ದರೂ ಬಿಳಿಜೋಳ, ಕಡಲೆ, ಕುಸುಬೆ ಕೈಗೆ ಬರುವುದು ಈ ಉಳಿತಾಯದಿಂದ. ಗರಸಿನ, ಅಂದರೆ ಅರೆ ಕೊಳೆತ ಕಲ್ಲಿನ ಪದರದ, ಮೇಲೆ ಒಂದೆರಡು ಅಡಿ ಇರುವ ಮಸಾರಿಗೆ ಅದರ ಅರ್ಧವೂ ಸಾಧ್ಯವಿಲ್ಲ. ಆದರೆ ಎರೆ ಹಿಡಿದ ನೀರೆಲ್ಲ ಬೆಳೆಗೆ ಸಿಗುವುದಿಲ್ಲ. ಹಾಳೆಗಳ ನಡುವಿನ ಎಷ್ಟೋ ನೀರನ್ನು ಬೇರು ಎಳೆಯಲಾರದು. ಅದಕ್ಕೇ ಮಣ್ಣು ಮುಟ್ಟಿದರೆ ತಂಪು ಇದ್ದರೂ ಬೆಳೆ ಬಾಡಿರುತ್ತದೆ. ಅದಕ್ಕೇ ಒಣಗಿದ ಎರೆಗೆ ಹತ್ತು ಮಿಲಿಮೀಟರ್ ಮಳೆ ಬಿದ್ದರೆ ಬೆಳೆಗೆ ಏನೂ ಆಗುವುದಿಲ್ಲ, ಅದೇ ಮಳೆಗೆ ಮಸಾರಿಯ ಸಜ್ಜೆ ಮರುದಿನ ತಲೆ ಎತ್ತಿರುತ್ತದೆ.

ನೀರು ಒಳಗಿಳಿಯುವ ರೀತಿಯೂ ವಿಚಿತ್ರ. ಮೊದಲ ಮಳೆ ಬಿರುಕಿನಲ್ಲಿ ಧೋ ಎಂದು ಇಳಿಯುತ್ತದೆ, ಆಳದ ತನಕ. ಮಣ್ಣು ಉಬ್ಬಿ ಬಿರುಕು ಮುಚ್ಚಿಕೊಂಡ ಮೇಲೆ ಬಾಗಿಲು ಹಾಕಿದಂತೆ. ಪೂರ್ತಿ ತೊಯ್ದ ಎರೆಯಲ್ಲಿ ಗಂಟೆಗೆ ಒಂದು ಮಿಲಿಮೀಟರ್ ನೀರೂ ಇಳಿಯದಿರಬಹುದು. ಆಮೇಲೆ ಬಿದ್ದ ಮಳೆ ಮೇಲ್ಮಣ್ಣನ್ನು ಹೊತ್ತುಕೊಂಡು ಹಳ್ಳ ಸೇರುತ್ತದೆ. ನೋಡಲು ಸಪಾಟಾಗಿರುವ ಎರೆ ಹೊಲದಲ್ಲೂ, ನೂರು ಅಡಿಗೆ ಒಂದಡಿ ಇಳುಕಲು ಇದ್ದರೆ ಸಾಕು, ಮಣ್ಣು ಹೋಗುತ್ತದೆ. ಮುಂಗಾರಿನಲ್ಲಿ ಹೊಲ ಖಾಲಿ ಬಿಟ್ಟು ಹಿಂಗಾರಿಗೆ ಬಿತ್ತುವ ನಮ್ಮ ರೂಢಿಯಲ್ಲಿ ಈ ನಷ್ಟ ಇನ್ನೂ ಜಾಸ್ತಿ, ಮಳೆ ಹೊಡೆಯುವಾಗ ನೆಲದ ಮೇಲೆ ಹಸಿರಿನ ಮುಚ್ಚಿಗೆ ಇರುವುದಿಲ್ಲವಲ್ಲ.

ಇದಕ್ಕೆ ಒಡ್ಡು ಹಾಕಿದರೆ ಆಯಿತು ಎಂದು ನಾನೂ ಒಮ್ಮೆ ತಪ್ಪು ಸಲಹೆ ಕೊಟ್ಟಿದ್ದೆ. ಒಬ್ಬ ರೈತರ ಆಳದ ಎರೆಯಲ್ಲಿ ಮಸಾರಿಗೆ ಹಾಕುವಂಥದೇ ಎತ್ತರದ ಒಡ್ಡು ಹಾಕಿಸಿದೆ. ಬೇಸಿಗೆಯಲ್ಲಿ ಒಡ್ಡೂ ಬಿರಿಯಿತು, ಅದೂ ಎರೆಯದೇ ಮಣ್ಣು. ಮುಂದಿನ ವರ್ಷದ ದೊಡ್ಡ ಮಳೆಗೆ ಮೇಲೆ ನೀರು ನಿಂತು ಹೆಸರು ಬೆಳೆ ಕೊಳೆಯಿತು, ಆಮೇಲೆ ಆ ನೀರು ಬಿರುಕಿನಲ್ಲೇ ದಾರಿ ಮಾಡಿಕೊಂಡು ಒಡ್ಡು ಒಡೆದು ಕೆಳಗಿನ ಹೊಲದಲ್ಲಿ ಕೊರಕಲು ಕೊರೆಯಿತು. ಅವರಿಗೆ ಆದ ನಷ್ಟ ನನಗೆ ಇವತ್ತಿಗೂ ಮನಸ್ಸಿನಲ್ಲಿದೆ. ಎರೆಯಲ್ಲಿ ನೀರನ್ನು ಒಂದೇ ಕಡೆ ತಡೆಯಬಾರದು, ಇಡೀ ಹೊಲದಲ್ಲಿ ಹಂಚಿ ಇಂಗಿಸಬೇಕು, ಮಿಕ್ಕದ್ದಕ್ಕೆ ಹುಲ್ಲು ಬೆಳೆಸಿದ ದಾರಿ ಬಿಡಬೇಕು. ನಿಮ್ಮ ಕಡೆ ಮಾಡುವ ಚೌಕು ಮಡಿ ಇದಕ್ಕೆ ಒಳ್ಳೆಯದು. ಮುಂಗಾರಿನಲ್ಲಿ ಖಾಲಿ ಇರುವ ಹೊಲದಲ್ಲಿ ಸಣ್ಣ ಸಣ್ಣ ಮಡಿ ಕಟ್ಟಿದರೆ ನೀರು ಬಿದ್ದಲ್ಲೇ ಕೂತು ಇಂಗುತ್ತದೆ. ಬಳ್ಳಾರಿ, ವಿಜಯಪುರದ ಸಂಶೋಧನಾ ಕೇಂದ್ರಗಳು ಒಣ ಬೇಸಾಯದ ಎರೆಗೆ ಹೇಳುತ್ತಾ ಬಂದಿರುವುದೂ ಇದನ್ನೇ. ಮಳೆ ಜಾಸ್ತಿ ಇರುವ ಎರೆ ಸೀಮೆಗೆ ಹೈದರಾಬಾದ್ ಹತ್ತಿರದ ಇಕ್ರಿಸ್ಯಾಟ್ ಎಂಬ ಅಂತರರಾಷ್ಟ್ರೀಯ ಬೆಳೆ ಸಂಶೋಧನಾ ಸಂಸ್ಥೆ ಬೇರೆ ದಾರಿ ತೋರಿಸಿತು. ಒಂದೂವರೆ ಮೀಟರಿಗೊಂದರಂತೆ ಅಗಲ ಏರುಮಡಿ, ಪಕ್ಕದಲ್ಲಿ ಸಾಲು, ಹೆಚ್ಚಾದ ನೀರು ಸಾಲಿನಲ್ಲಿ ಮೆಲ್ಲಗೆ ಹೊರಗೆ. ನಿಮ್ಮ ಮಳೆಗೆ ಹೊರಗೆ ಕಳಿಸುವುದಕ್ಕಿಂತ ಇಂಗಿಸುವುದೇ ಮೇಲು.

ಹದದ ವಿಷಯ ನಿಮಗೆ ನಾನು ಹೇಳಬೇಕಿಲ್ಲ. ಒದ್ದೆ ಎರೆ ಚಪ್ಪಲಿ ಕಿತ್ತುಕೊಳ್ಳುತ್ತದೆ, ಒಣ ಎರೆ ಗುದ್ದಲಿ ಚಿಮ್ಮಿಸುತ್ತದೆ, ನಡುವೆ ಸಿಗುವುದು ಕೆಲವೇ ದಿನ. ಆ ದಿನಗಳಲ್ಲಿ ಭಾರದ ಟ್ರ್ಯಾಕ್ಟರ್ ಪದೇ ಪದೇ ಓಡಿಸಬೇಡಿ, ಅಷ್ಟೇ. ಬೆಳೆ ಇದ್ದಾಗ ಎಡೆ ಹೊಡೆದು ಬಿರುಕು ಮುಚ್ಚುವುದು ಬರೀ ಕಳೆಗಾಗಿ ಅಲ್ಲ. ತೆರೆದ ಬಿರುಕು ಆಳದ ತೇವವನ್ನೂ ಆರಿಸುತ್ತದೆ, ಬೇರನ್ನೂ ಹರಿಯುತ್ತದೆ.

ಈಗ ಎರೆಯನ್ನು ಮಸಾರಿಗೆ ಹೇರುವ ಯೋಚನೆ. ಬೇಡ ಎನ್ನುತ್ತೇನೆ, ಕಾರಣ ಹೇಳುತ್ತೇನೆ. ಮೂರು ಎಕರೆಯ ಗುಣ ಬದಲಿಸುವಷ್ಟು ಜೇಡಿ ಬೇಕೆಂದರೆ ಲೆಕ್ಕವಿಲ್ಲದಷ್ಟು ಟ್ರಿಪ್ ಹೊಡೆಯಬೇಕು, ಅಷ್ಟೂ ನಿಮ್ಮ ಒಳ್ಳೆಯ ಹೊಲದ ಮೇಲ್ಮಣ್ಣು. ತೆಗೆದ ಜಾಗದಲ್ಲಿ ಮೇಲೆ ಬರುವುದು ಸುಣ್ಣದ ಹರಳು ಇರುವ ಕೆಳಮಣ್ಣು, ಅಲ್ಲಿ ಸತುವು, ಕಬ್ಬಿಣ ಬೆಳೆಗೆ ಸಿಗುವುದು ಇನ್ನೂ ಕಷ್ಟ. ಹಾಕಿದ ಕಡೆಯೂ ಹೆಂಟೆ ಹೆಂಟೆಯಾಗಿ ಕೂತು ಬೆರೆಯಲು ವರ್ಷಗಳು ಬೇಕು. ಮಸಾರಿಗೆ ಜೇಡಿ ಕೊಡಲೇಬೇಕೆಂದರೆ ಊರ ಕೆರೆಯ ಹೂಳು ಹಾಕಿ. ಮೇಲಿನಿಂದ ತೊಳೆದು ಹೋದ ಜೇಡಿ, ಎಲೆಕಸ, ಸಾರ ಎಲ್ಲ ಅಲ್ಲಿ ಕೂತಿದೆ, ಕೆರೆಯೂ ಆಳವಾಗುತ್ತದೆ. ಹಾಕುವ ಮುಂಚೆ ಒಂದು ಮಾದರಿ ಪರೀಕ್ಷೆ ಮಾಡಿಸಿ, ಸೋಡಿಯಂ ಜಾಸ್ತಿ ಇದ್ದರೆ ಮುಟ್ಟಬೇಡಿ.

ನಿಮ್ಮ ಕಡೆಯ ಹಿರಿಯರು ಮಾಡಿದ್ದು ಇದಕ್ಕೆ ತಿರುಗುಮುರುಗು, ನೆನಪಿದೆಯಾ? ಕೊಪ್ಪಳ, ಗದಗ ಜಿಲ್ಲೆಯ ಕೆಲವು ಊರುಗಳಲ್ಲಿ ಎರೆ ಹೊಲದ ಮೇಲೆ ಹಳ್ಳದ ಉಸುಕು ಹರಡಿದ ಹೊಲಗಳಿವೆ. ನಾನು ಅವನ್ನು ಕಂಡು ನಿಜಕ್ಕೂ ಕೈ ಮುಗಿದಿದ್ದೇನೆ. ಉಸುಕಿನ ಹೊದಿಕೆ ಮಳೆ ಹನಿಯ ಪೆಟ್ಟು ತಡೆಯುತ್ತದೆ, ನೀರು ಹರಿದು ಹೋಗದೆ ನಿಂತು ಇಂಗುತ್ತದೆ, ಕೆಳಗಿನ ತೇವ ಬಿಸಿಲಿಗೆ ಹಾರುವುದಿಲ್ಲ, ಬಿರುಕೂ ಕಡಿಮೆ. ಬರೀ ಹಿಂಗಾರಿ ಬೆಳೆಯುತ್ತಿದ್ದ ಎರೆಯಲ್ಲಿ ಮುಂಗಾರಿಗೂ ಹೆಸರೋ ಶೇಂಗಾನೋ ತೆಗೆಯಬಹುದು. ಆಳವಾಗಿ ಉಳಬಾರದು, ಉತ್ತರೆ ಉಸುಕು ಕೆಳಗೆ ಹೋಗಿ ಮಾಡಿದ ಕೆಲಸ ವ್ಯರ್ಥ. ಹಾಗಂತ ಈಗ ಎಲ್ಲರೂ ಹಳ್ಳ ಬಗೆದು ಉಸುಕು ತಂದರೆ ಹಳ್ಳ ಸಾಯುತ್ತದೆ, ಅದನ್ನು ನಾನು ಹೇಳಲಾರೆ. ನಿಮ್ಮದೇ ಹೊಲದ ಬದಿಗೆ ಕೊಚ್ಚಿ ಬಂದು ಕೂತ ಉಸುಕು ಇದ್ದರೆ ಒಂದು ಅರ್ಧ ಎಕರೆಯಲ್ಲಿ ಮಾಡಿ ನೋಡಿ.

ಗೊಬ್ಬರದ ಬಗ್ಗೆ ಚಿಕ್ಕದಾಗಿ. ಎರೆಯ ರಸಸಾರ 8ರ ಆಸುಪಾಸು ಅಥವಾ ಅದಕ್ಕೂ ಮೇಲೆ ಇರುತ್ತದೆ. ಯೂರಿಯಾವನ್ನು ಸುಮ್ನೆ ಮೇಲೆ ಚೆಲ್ಲಿದರೆ ಒಂದು ಪಾಲು ಗಾಳಿಗೆ ಹೋಗುತ್ತದೆ, ಕೂರಿಗೆಯಲ್ಲಿ ಮಣ್ಣಿನೊಳಗೆ ಬೀಳಿಸಿ. ರಂಜಕವನ್ನೂ ಹಾಗೇ ಬೀಜದ ಸಾಲಿನ ಹತ್ತಿರ ಕೊಡಿ, ಚೆಲ್ಲಿದ್ದನ್ನು ಸುಣ್ಣ ಹಿಡಿದುಕೊಳ್ಳುತ್ತದೆ. ಸತುವನ್ನು ಪರೀಕ್ಷೆಯಲ್ಲಿ ತಪ್ಪದೆ ಕೇಳಿ.

ನೀವು ಕೇಳದೇ ಇರುವ ಒಂದು ವಿಷಯ ನಾನು ಹೇಳಲೇಬೇಕು. ನಿಮ್ಮ ಹೊಲದಲ್ಲಿ ಕೆಂಪು ಮುಗಿದು ಕಪ್ಪು ಶುರುವಾಗುವ ಪಟ್ಟೆ ಇದೆಯಲ್ಲ, ಆ ಹತ್ತಿಪ್ಪತ್ತು ಹೆಜ್ಜೆ ಜಾಗವೇ ಅತಿ ಸೂಕ್ಷ್ಮ. ಮಸಾರಿಯಲ್ಲಿ ಸಲೀಸಾಗಿ ಇಳಿದ ನೀರು ಗರಸಿನ ಮೇಲೆ ಹರಿದು ಬರುತ್ತದೆ, ಎರೆ ಸಿಕ್ಕ ಕೂಡಲೇ ಮುಂದೆ ದಾರಿ ಇಲ್ಲದೆ ಮೇಲೆ ಒಸರುತ್ತದೆ. ಒಸರಿದ್ದು ಆರಿದಾಗ ಉಪ್ಪು ಉಳಿಯುತ್ತದೆ. ಮಳೆಗಾಲ ಮುಗಿದ ಮೇಲೆ ಅಲ್ಲಿ ಬಿಳಿ ಪೊರೆ ಕಾಣುತ್ತದಾ, ಬಿತ್ತಿದ್ದು ಅಲ್ಲಿ ಮಾತ್ರ ಸರಿಯಾಗಿ ಹುಟ್ಟುವುದಿಲ್ಲವಾ, ಮಳೆ ನೀರು ಕಲಕಿದ ಹಾಗೆ ದಿನಗಟ್ಟಲೆ ನಿಲ್ಲುತ್ತದಾ ನೋಡಿ. ಹೌದಾದರೆ ಸೋಡಿಯಂ ಸೇರುತ್ತಿದೆ ಎಂದು ಅನುಮಾನಿಸಿ. ಜೇಡಿಗೆ ಅಂಟಿಕೊಂಡಿರುವ ಲವಣಾಂಶಗಳಲ್ಲಿ ಸೋಡಿಯಂ ಪಾಲು ನೂರಕ್ಕೆ 15 ದಾಟಿದರೆ ತೊಂದರೆ ಎಂಬುದು ಪುಸ್ತಕದ ಮಿತಿ, ಆದರೆ ಎರೆಯಲ್ಲಿ 5–6ಕ್ಕೇ ನೀರು ಇಳಿಯುವುದು ಕೆಡುತ್ತದೆ. ಕೊಳವೆಬಾವಿ ನೀರು ಹಾಯಿಸುವ ಯೋಚನೆ ಇದ್ದರೆ ಮೊದಲು ಆ ನೀರನ್ನೇ ಪರೀಕ್ಷೆ ಮಾಡಿಸಿ. ತುಂಗಭದ್ರಾ ಕಾಲುವೆ ಕೆಳಗಿನ ಗಂಗಾವತಿ, ಸಿಂಧನೂರು ಕಡೆ ಸವಳು-ಜವಳಾದ ಎರೆ ಎಷ್ಟಿದೆ ಎಂದು ನಿಮಗೆ ಗೊತ್ತು. ನೀರು ಕೊಟ್ಟರು, ಬಸಿಗಾಲುವೆ ಕೊಡಲಿಲ್ಲ. ಎರೆಗೆ ನೀರು ಕೊಡುವುದು ಸುಲಭ, ಒಳಗೆ ಸೇರಿದ ಉಪ್ಪನ್ನು ಹೊರಗೆ ತೆಗೆಯಲು ಜಿಪ್ಸಂ, ಬಸಿಗಾಲುವೆ, ವರ್ಷಗಟ್ಟಲೆ ತಾಳ್ಮೆ, ಎಲ್ಲವೂ ಬೇಕು.

ಹಾಗಾಗಿ ಈ ಬೇಸಿಗೆಯಲ್ಲಿ ಮೂರು ಗುಂಡಿ ತೋಡಿ. ಒಂದು ಮಸಾರಿಯಲ್ಲಿ, ಒಂದು ಆ ಗಡಿಯಲ್ಲಿ, ಒಂದು ಹಳ್ಳದ ಹತ್ತಿರ. ಸಾಧ್ಯವಾದರೆ ಎದೆ ಮಟ್ಟ ಆಳ, ಒಳಗೆ ಇಳಿಯುವಾಗ ಮೇಲೆ ಒಬ್ಬರು ಇರಲಿ, ಒಣಗಿದ ಎರೆಯ ಗೋಡೆ ಬಿರುಕು ಹಿಡಿದು ಕುಸಿಯುತ್ತದೆ. ಗರಸು ಎಷ್ಟು ಆಳಕ್ಕೆ ಸಿಗುತ್ತದೆ, ಬಿಳಿ ಸುಣ್ಣದ ಹರಳು ಎಲ್ಲಿಂದ ಶುರು, ಹೊಳೆಯುವ ಓರೆ ಮುಖ ಎಲ್ಲಿದೆ, ಬೇರು ಎಲ್ಲಿ ನಿಂತಿದೆ, ಇಷ್ಟು ಬರೆದಿಡಿ. ಅರ್ಧ ಮೀಟರಿಗೇ ಕಲ್ಲು ಸಿಕ್ಕರೆ ಮೇಲೆ ಎಷ್ಟೇ ಕಪ್ಪಾಗಿದ್ದರೂ ಅದು ಆಳದ ಎರೆ ಅಲ್ಲ, ಹಿಂಗಾರಿ ಜೋಳಕ್ಕೆ ಬೇಕಾದ ನೀರೂ ಅದರಲ್ಲಿ ನಿಲ್ಲುವುದಿಲ್ಲ. ಎಂಟು ಎಕರೆಗೆ ಒಂದೇ ಮಾದರಿ ಕಲಸಿ ಕೊಟ್ಟಿದ್ದರೆ ಆ ವರದಿಯನ್ನು ಬದಿಗಿಟ್ಟು ಮೂರು ಕಡೆಯದನ್ನು ಬೇರೆ ಬೇರೆ ಕೊಡಿ.

ಶೆಡ್ಡಿಗೆ ಮುಂಚೆ ಮನೆಯಲ್ಲೇ ಒಂದು ಪರೀಕ್ಷೆ ಮಾಡಬಹುದು. ಒಣಗಿಸಿ ಸಣ್ಣ ಜರಡಿಯಲ್ಲಿ ಸೋಸಿದ ಎರೆ ಹತ್ತು ಗ್ರಾಂನಂತೆ ಎರಡು ಪಾಲು ಮಾಡಿ. ಗೀಟು ಹಾಕಿದ ಎರಡು ಗಾಜಿನ ಕೊಳವೆಗಳಲ್ಲಿ ಒಂದಕ್ಕೆ ನೀರು, ಇನ್ನೊಂದಕ್ಕೆ ಸೀಮೆಎಣ್ಣೆ ತುಂಬಿ ಮಣ್ಣು ಹಾಕಿ. ಕಲಕಿ, ಒಂದು ದಿನ ಬಿಡಿ. ಸೀಮೆಎಣ್ಣೆಯಲ್ಲಿ ಜೇಡಿ ಉಬ್ಬುವುದಿಲ್ಲ, ನೀರಿನಲ್ಲಿ ಉಬ್ಬುತ್ತದೆ. ನೀರಿನಲ್ಲಿರುವುದು ಸೀಮೆಎಣ್ಣೆಯಲ್ಲಿರುವುದಕ್ಕಿಂತ ಅರ್ಧದಷ್ಟು ಅಥವಾ ಅದಕ್ಕೂ ಹೆಚ್ಚು ಮೇಲೆ ಬಂದಿದ್ದರೆ ಅದರ ಮೇಲೆ ಸಾದಾ ಅಡಿಪಾಯ ಹಾಕಬಾರದು. ಇಂಜಿನಿಯರುಗಳೂ ಮಾಡುವುದು ಇದೇ ಪರೀಕ್ಷೆ, ಅಳತೆ ಕರಾರುವಾಕ್ಕಾಗಿರುತ್ತದೆ ಅಷ್ಟೇ.

ನನ್ನ ಸಲಹೆ, ಶೆಡ್ಡನ್ನು ಮಸಾರಿಯಲ್ಲಿ ಕಟ್ಟಿ. ಗರಸು ಕೈಗೆಟುಕುವ ಆಳದಲ್ಲಿ ಸಿಗುತ್ತದೆ, ಅದು ಉಬ್ಬುವುದೂ ಇಲ್ಲ ಕುಗ್ಗುವುದೂ ಇಲ್ಲ. ದಾರಿಯ ಕಾರಣಕ್ಕೋ ಕರೆಂಟಿನ ಕಾರಣಕ್ಕೋ ಎರೆಯಲ್ಲೇ ಆಗಬೇಕೆಂದರೆ ಕಾಲುಗಳನ್ನು ಬಿರುಕು ತಲುಪದ ಆಳಕ್ಕೆ ಇಳಿಸಬೇಕು. ತಳದಲ್ಲಿ ಗಂಟೆಯ ಹಾಗೆ ಅಗಲವಾಗುವ ಅಂಡರ್-ರೀಮ್ಡ್ ಪೈಲ್ ಎಂಬ ಕಾಂಕ್ರೀಟ್ ಕಾಲನ್ನು ರೂರ್ಕಿಯ ಕೇಂದ್ರೀಯ ಕಟ್ಟಡ ಸಂಶೋಧನಾ ಸಂಸ್ಥೆ ಇಂಥ ನೆಲಕ್ಕೆಂದೇ ಬೆಳೆಸಿತು, ಆಳದ ಎರೆಯಲ್ಲಿ ಅದನ್ನು ಮೂರೂವರೆ ಮೀಟರಿನಷ್ಟು ಇಳಿಸುತ್ತಾರೆ. ಗೋಡೆಯ ತೊಲೆ ಮತ್ತು ಮಣ್ಣಿನ ನಡುವೆ ಉಬ್ಬಲು ಜಾಗ ಬಿಡಬೇಕು. ಮಾಡಿನ ನೀರು ಗೋಡೆಯ ಬುಡಕ್ಕೆ ಬೀಳದ ಹಾಗೆ ದೂರ ಸಾಗಿಸಿ, ಬೇವು ನೆಡುವುದಿದ್ದರೆ ಅದನ್ನೂ ದೂರವೇ ನೆಡಿ, ಬೇರು ಒಂದು ಕಡೆಯ ತೇವ ಮಾತ್ರ ಎಳೆದುಕೊಂಡರೆ ಆ ಮೂಲೆಯೊಂದೇ ಕುಸಿಯುತ್ತದೆ.